ಸ್ಪೇನ್‌ನಲ್ಲಿ ಸಂಬಳದ ಮಾತು: ಹೊಸದಾಗಿ ಬರುವವರಿಗೆ

ನಿಮ್ಮ ಪ್ರಶ್ನೆ ನೋಡಿದೆ. ಮ್ಯಾಡ್ರಿಡ್‌ನ ಕಂಪನಿಯೊಂದು 28.000 ಯೂರೋ ಕೊಡುತ್ತೇನೆ ಅಂದಿದೆ, ಕರಾರು ಪತ್ರ ಪೂರ್ತಿ ಸ್ಪ್ಯಾನಿಷ್‌ನಲ್ಲಿದೆ. ಸ್ಯಾಲರಿ ಅಂತ ಹಾಕಿದರೆ ಅನುವಾದದ ಆ್ಯಪ್ ಒಂದೊಂದು ಸಲ ಒಂದೊಂದು ಪದ ತೋರಿಸುತ್ತದೆ. ಯಾವುದು ಸರಿ, ತಿಂಗಳಿಗೆ ಕೈಗೆ ಎಷ್ಟು ಬರುತ್ತದೆ ಅಂತ ಕೇಳಿದ್ದೀರಿ. ನಾನು ಇಲ್ಲಿ ನೆಲೆಸಿ ಬಹಳ ವರ್ಷ ಆಯಿತು, ಗೊತ್ತಿರುವುದನ್ನು ಹೇಳುತ್ತೇನೆ.

ಮೊದಲು ಆ ಅಂಕಿಯನ್ನೇ ನೋಡಿ. ಇಲ್ಲಿ ಸಾವಿರಕ್ಕೆ ಚುಕ್ಕೆ, ಸೆಂಟ್‌ಗಳಿಗೆ ಅಲ್ಪವಿರಾಮ. 28.000,00 ಅಂದರೆ ಇಪ್ಪತ್ತೆಂಟು ಸಾವಿರ. ಗಾಬರಿ ಬೇಡ.

ಇನ್ನು ಪದಗಳು. ಸಲಾರಿಯೊ, ಸುಯೆಲ್ದೊ ಎರಡೂ ಸಂಬಳವೇ. ಕಾಗದದಲ್ಲಿ ಸಲಾರಿಯೊ ಜಾಸ್ತಿ, ಬಾಯಲ್ಲಿ ಸುಯೆಲ್ದೊ ಜಾಸ್ತಿ, ಅಷ್ಟೇ. ನೋಮಿನಾ ಅಂದರೆ ಸಂಬಳದ ಚೀಟಿ, ಆದರೆ ಖಾತೆಗೆ ಬಿದ್ದ ದುಡ್ಡಿಗೂ ಜನ ಹಾಗೇ ಹೇಳುತ್ತಾರೆ. ರೆತ್ರಿಬುಥಿಯೊನ್ ಅಂತ ಕಂಡರೆ ಇಂಗ್ಲಿಷ್ ಬಲ್ಲವರಿಗೆ ಯಾವುದೋ ಶಿಕ್ಷೆ ಕಾದಿದೆ ಅನ್ನಿಸುತ್ತದೆ. ಅದೂ ಸಂಬಳವೇ. ಬಕಾಥಿಯೊನೆಸ್ ರೆತ್ರಿಬುಯಿದಾಸ್ ಅಂದರೆ ಸಂಬಳ ಕೊಡುವ ರಜೆ. ಈ ಪದಗಳಲ್ಲಿ ಯಾವುದನ್ನು ಬಳಸಿದರೂ ನಿಮಗೆ ನಷ್ಟವಿಲ್ಲ.

ನಷ್ಟ ಆಗುವುದು ಬೇರೆ ಕಡೆ. ಸಂಬಳ ಎಷ್ಟು ಅಂತ ಸುಮ್ನೆ ಕೇಳಿದರೆ ಇಲ್ಲಿ ಉತ್ತರ ಅರ್ಧವೇ ಸಿಗುತ್ತದೆ. ಆ ಅಂಕಿಯ ಜೊತೆ ಎರಡು ವಿಷಯ ಗೊತ್ತಿರಲೇಬೇಕು: ಅದು ಬ್ರುತೊ ಅಥವಾ ನೆತೊ, ಮತ್ತು ಎಷ್ಟು ಪಾಗಾ, ಅಂದರೆ ವರ್ಷಕ್ಕೆ ಎಷ್ಟು ಕಂತಿನಲ್ಲಿ ಕೊಡುತ್ತಾರೆ.

ಬ್ರುತೊ ಅಂದರೆ ಕಡಿತಕ್ಕೆ ಮುಂಚಿನದು, ನೆತೊ ಅಂದರೆ ಕೈಗೆ ಬರುವುದು. ಕಂಪನಿಗಳು ಸಾಮಾನ್ಯವಾಗಿ ವರ್ಷದ ಬ್ರುತೊ ಹೇಳುತ್ತವೆ, ಗೆಳೆಯರು ಗೆಳೆಯರಲ್ಲಿ ಮಾತಾಡುವಾಗ ತಿಂಗಳ ನೆತೊ ಹೇಳುತ್ತಾರೆ. ಹಾಗಾಗಿ ಒಂದೇ ಕೆಲಸಕ್ಕೆ ಇಬ್ಬರ ಬಾಯಲ್ಲಿ ಎರಡು ಅಂಕಿ ಕೇಳಿಬಂದರೆ ಯಾರೂ ಸುಳ್ಳು ಹೇಳುತ್ತಿಲ್ಲ. ಭಾರತದಲ್ಲಿ ಸಿಟಿಸಿ (ನೌಕರನಿಗಾಗಿ ಕಂಪನಿಗೆ ಬೀಳುವ ಒಟ್ಟು ಖರ್ಚು) ಅಂತ ಹೇಳುವಾಗ ಕಂಪನಿ ಕಟ್ಟುವ ಪಿಎಫ್ ಕೂಡ ಅದರೊಳಗೇ ಇರುತ್ತದೆ ಅಲ್ವಾ? ಬ್ರುತೊ ಹಾಗಲ್ಲ. ಕಂಪನಿ ತನ್ನ ಪಾಲಿನ ಸಾಮಾಜಿಕ ಭದ್ರತೆಯ ಹಣವನ್ನು ಅದರ ಹೊರಗೆ, ಬೇರೆಯಾಗಿ ಕಟ್ಟುತ್ತದೆ. ಇದನ್ನು ಭಾರತದ ಸಂಬಳದ ಜೊತೆ ಹೋಲಿಸುವಾಗ ನೆನಪಿಡಿ.

ಈಗ ಪಾಗಾ. ಆ್ಯಪ್ ಇದನ್ನು ಪೇಮೆಂಟ್ ಅಂತ ತಿರುಗಿಸುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಇಲ್ಲಿನ ಕಾರ್ಮಿಕ ಕಾನೂನಿನ 31ನೇ ಕಲಮಿನ ಪ್ರಕಾರ ಪ್ರತಿ ನೌಕರನಿಗೂ ವರ್ಷಕ್ಕೆ ಎರಡು ಹೆಚ್ಚುವರಿ ಪಾಗಾ ಸಿಗಬೇಕು. ಒಂದು ಕ್ರಿಸ್‌ಮಸ್‌ಗೆ, ಇನ್ನೊಂದು ಸಾಮಾನ್ಯವಾಗಿ ಬೇಸಿಗೆಯಲ್ಲಿ. ಆದರೆ ಇದು ಬೋನಸ್ ಅಲ್ಲ! ವರ್ಷದ ಸಂಬಳವನ್ನೇ ಹದಿನಾಲ್ಕು ಪಾಲು ಮಾಡುತ್ತಾರೆ. ನಿಮ್ಮ 28.000 ಹದಿನಾಲ್ಕು ಪಾಗಾ ಆದರೆ ತಿಂಗಳಿಗೆ ಬ್ರುತೊ 2.000, ಜೊತೆಗೆ ಎರಡು ಸಲ ಇನ್ನೊಂದು 2.000. ಹನ್ನೆರಡು ಪಾಗಾ ಆದರೆ ತಿಂಗಳಿಗೆ 2.333. ಕೆಲವು ಕಡೆ ಹೆಚ್ಚುವರಿ ಪಾಗಾಗಳನ್ನು ಹೀಗೆ ತಿಂಗಳುಗಳಿಗೆ ಹಂಚಿಬಿಡುತ್ತಾರೆ, ಅದಕ್ಕೆ ಪ್ರೊರ್ರಾತೆಆದಾಸ್ ಅನ್ನುತ್ತಾರೆ. ವರ್ಷದ ಲೆಕ್ಕ ಒಂದೇ. ಆದರೆ ಬಂದ ಹೊಸದರಲ್ಲಿ ಮನೆಯ ಮುಂಗಡ, ಬಾಡಿಗೆ ಎಲ್ಲ ಕಟ್ಟುವವರಿಗೆ ತಿಂಗಳ ಅಂಕಿಯೇ ಮುಖ್ಯ. ಕೇಳುವ ಅವಕಾಶ ಇದ್ದರೆ ನಾನಂತೂ ಹನ್ನೆರಡನ್ನೇ ಕೇಳುತ್ತಿದ್ದೆ. ವರ್ಷದ ನಡುವೆ ಕೆಲಸಕ್ಕೆ ಸೇರಿದವರಿಗೆ ಮೊದಲ ಹೆಚ್ಚುವರಿ ಪಾಗಾ ಪೂರ್ತಿ ಬರುವುದಿಲ್ಲ, ಕೆಲಸ ಮಾಡಿದ ದಿನಗಳಿಗೆ ತಕ್ಕಷ್ಟೇ.

ಸುದ್ದಿಯಲ್ಲಿ ಕೇಳುವ ಕನಿಷ್ಠ ಸಂಬಳವೂ ಹದಿನಾಲ್ಕರ ಲೆಕ್ಕವೇ. 2025ರಲ್ಲಿ ಅದು ತಿಂಗಳಿಗೆ 1.184 ಯೂರೋ ಇತ್ತು, ಅಂದರೆ ವರ್ಷಕ್ಕೆ 16.576.

ಮೊದಲ ನೋಮಿನಾ ಕೈಗೆ ಬಂದಾಗ ಮೂರು ಕಡೆ ಕಣ್ಣು ಹಾಯಿಸಿ. ದೆಬೆಂಗೊಸ್ ಅಂದರೆ ನಿಮಗೆ ಸಲ್ಲಬೇಕಾದ್ದು: ಮೂಲ ಸಂಬಳ, ರಾತ್ರಿ ಪಾಳಿ ಭತ್ಯೆ, ಹೆಚ್ಚುವರಿ ಗಂಟೆಗಳು, ಇತ್ಯಾದಿ. ದೆದುಕ್ಥಿಯೊನೆಸ್ ಅಂದರೆ ಕಡಿತ. ಇದರಲ್ಲಿ ಸಾಮಾಜಿಕ ಭದ್ರತೆಗೆ ಸುಮಾರು ಶೇ. 6.5 ಹೋಗುತ್ತದೆ, ಆಮೇಲೆ ಐಆರ್‌ಪಿಎಫ್ ಅನ್ನುವ ಆದಾಯ ತೆರಿಗೆ. ತೆರಿಗೆಯ ಪ್ರಮಾಣ ನಿಮ್ಮ ಸಂಬಳ ಮತ್ತು ಕುಟುಂಬದ ಮೇಲೆ ನಿಂತಿರುತ್ತದೆ. ಮಕ್ಕಳಿದ್ದರೆ 145ನೇ ನಮೂನೆ ತುಂಬಿ ಕಂಪನಿಗೆ ಕೊಡಿ. ಕೊನೆಯಲ್ಲಿ ಲಿಕಿದೊ ಅಂತ ಇರುವುದೇ ನಿಮ್ಮ ಕೈಗೆ ಬರುವ ದುಡ್ಡು.

ವಿದೇಶಿಯರಿಗೆ ಶೇ. 24 ತೆರಿಗೆ ಸಾಕಂತೆ, ಬೆಕಮ್ ಕಾನೂನು ಅಂತ ಇದೆಯಂತೆ ಅಂತ ಯಾರಾದರೂ ಹೇಳುತ್ತಾರೆ. ಇರುವುದು ನಿಜ. ಫುಟ್ಬಾಲ್ ಆಟಗಾರನ ಹೆಸರಿನಿಂದಲೇ ಜನ ಕರೆಯುವುದು. ಆದರೆ ಅದು ದೊಡ್ಡ ಸಂಬಳದವರಿಗೆ ಲಾಭ. 28.000ಕ್ಕೆ ಮಾಮೂಲಿ ತೆರಿಗೆಯೇ ಕಡಿಮೆ ಬೀಳುತ್ತದೆ.

ಮಾತಿನಲ್ಲಿ ಜಾಸ್ತಿ ಕೇಳುವ ಕ್ರಿಯಾಪದ ಕೊಬ್ರಾರ್. ಸಂಬಳ ತಗೊಳ್ಳುವುದಕ್ಕೂ ಅದೇ, ಅಂಗಡಿಯವ ನಿಮ್ಮಿಂದ ದುಡ್ಡು ತಗೊಳ್ಳುವುದಕ್ಕೂ ಅದೇ. "ಕ್ವಾಂತೊ ಕೊಬ್ರಾಸ್?" ಅಂದರೆ ನಿನಗೆ ಸಂಬಳ ಎಷ್ಟು. "ಮೆ ಕೊಬ್ರಾಸ್?" ಅಂತ ಹೋಟೆಲಿನಲ್ಲಿ ಕೇಳಿದರೆ ಬಿಲ್ ದುಡ್ಡು ತಗೊಳ್ತೀರಾ ಅಂತ. ಅಮ್ಮ ಮಗುವಿಗೆ "ಬಾಸ್ ಅ ಕೊಬ್ರಾರ್" ಅಂದರೆ ಏಟು ಬೀಳುತ್ತೆ ಅಂತ! ಗಾನಾರ್ ಅಂದರೆ ಗಳಿಸುವುದು, ಗೆಲ್ಲುವುದು ಎರಡೂ. ಇಂಗ್ರೆಸೊ ಅಂದರೆ ಆದಾಯ, ಖಾತೆಗೆ ಹಣ ಕಟ್ಟುವುದು, ಆಸ್ಪತ್ರೆಗೆ ಸೇರುವುದು ಕೂಡ. ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಿ. ಯಾರಾದರೂ ಒಂದಿಷ್ಟು "ಎನ್ ನೆಗ್ರೊ" ಕೊಡುತ್ತೇನೆ ಅಂದರೆ ಮಾತ್ರ ಬೇಡ ಅನ್ನಿ. ಅದು ಲೆಕ್ಕಕ್ಕೆ ಸಿಗದ ದುಡ್ಡು. ನಾಳೆ ಪಿಂಚಣಿಗಾಗಲಿ ನಿರುದ್ಯೋಗ ಭತ್ಯೆಗಾಗಲಿ ಅದು ಎಣಿಕೆಯಾಗುವುದಿಲ್ಲ.

ಕೆಲಸ ಬಿಡುವಾಗಿನ ಎರಡು ಪದಗಳನ್ನು ಆ್ಯಪ್ ಕಲಸಿಬಿಡುತ್ತದೆ. ಫಿನಿಕಿತೊ ಅಂದರೆ ಬಾಕಿ ಲೆಕ್ಕ ಚುಕ್ತಾ: ಉಳಿದ ದಿನಗಳ ಸಂಬಳ, ತೆಗೆದುಕೊಳ್ಳದ ರಜೆ, ಹೆಚ್ಚುವರಿ ಪಾಗಾದ ಪಾಲು. ನೀವೇ ರಾಜೀನಾಮೆ ಕೊಟ್ಟರೂ ಇದು ಸಿಗಬೇಕು. ಇಂದೆಮ್ನಿಥಾಥಿಯೊನ್ ಅಂದರೆ ಪರಿಹಾರ, ಕಂಪನಿ ನಿಮ್ಮನ್ನು ತೆಗೆದಾಗಿನದು. ಆ ವಜಾ ನ್ಯಾಯವಲ್ಲ ಅಂತ ತೀರ್ಮಾನವಾದರೆ ಕೆಲಸ ಮಾಡಿದ ಪ್ರತಿ ವರ್ಷಕ್ಕೆ 33 ದಿನದ ಸಂಬಳ. ಕಾಗದಕ್ಕೆ ಸಹಿ ಕೇಳಿದಾಗ ಲೆಕ್ಕ ಒಪ್ಪಿಗೆಯಾಗದಿದ್ದರೆ ಸಹಿಯ ಪಕ್ಕದಲ್ಲೇ ತಾರೀಖು ಹಾಕಿ "ನೊ ಕೊನ್ಫೋರ್ಮೆ" ಅಂತ ಬರೆಯಿರಿ. ವಜಾವನ್ನು ಪ್ರಶ್ನಿಸಲು 20 ಕೆಲಸದ ದಿನ ಮಾತ್ರ ಇರುತ್ತದೆ.

ಸದ್ಯಕ್ಕೆ ಕಂಪನಿಗೆ ಒಂದು ಮೇಲ್ ಹಾಕಿ: "ಎಸ್ ಬ್ರುತೊ ಆನ್ವಾಲ್? ಎನ್ ದೋಥೆ ಓ ಕತೋರ್ಥೆ ಪಾಗಾಸ್?" ಅಂದರೆ ಇದು ವರ್ಷದ ಬ್ರುತೊನಾ, ಹನ್ನೆರಡು ಪಾಗಾನೋ ಹದಿನಾಲ್ಕೋ ಅಂತ. ಹೀಗೆ ಕೇಳುವುದು ಇಲ್ಲಿ ಮಾಮೂಲು, ಯಾರೂ ತಪ್ಪು ತಿಳಿಯುವುದಿಲ್ಲ. ಕರಾರಿನಲ್ಲಿ ಕೊಂಬೆನಿಯೊ ಅನ್ನುವ ಪದವನ್ನೂ ಹುಡುಕಿ. ಅದು ನಿಮ್ಮ ಉದ್ಯಮದ ಸಾಮೂಹಿಕ ಒಪ್ಪಂದ. ಪ್ರತಿ ಹುದ್ದೆಗೆ ಕನಿಷ್ಠ ಎಷ್ಟು ಕೊಡಬೇಕು ಅಂತ ಅದರಲ್ಲಿ ಪಟ್ಟಿ ಇರುತ್ತದೆ. ಇಡೀ ದೇಶಕ್ಕೆ ಅನ್ವಯಿಸುವಂಥದ್ದಾದರೆ ಸರ್ಕಾರದ ಗೆಜೆಟ್ ಬಿಒಇಯಲ್ಲಿ ಪುಕ್ಕಟೆ ಸಿಗುತ್ತದೆ. ನಿಮ್ಮ ಹುದ್ದೆಯ ಸಾಲನ್ನು ಅಲ್ಲಿ ನೋಡಿಕೊಂಡು ಆಮೇಲೆ ಸಹಿ ಹಾಕಿ.