ಆಪ್ತಸಲಹೆ ಪ್ರಕರಣ: ಪಟ್ಟಿಯಲ್ಲಿ ಬಿಟ್ಟುಹೋದ ವಿಧವೆಯರು

ಬಂದವರು ಬೆಂಗಳೂರಿನ ಒಂದು ಕ್ರೈಸ್ತ ಸಭೆಯ (ಚರ್ಚಿನ) ಪಾಲಕರು, ಅಂದರೆ ಪಾಸ್ಟರ್, ವಯಸ್ಸು 48. ಗುರುತು ಸಿಗುವ ವಿವರಗಳನ್ನು ಬದಲಿಸಿದೆ. ಭಾನುವಾರ ಬೆಳಿಗ್ಗೆ 8ಕ್ಕೆ ತಮಿಳು ಆರಾಧನೆ, 10.30ಕ್ಕೆ ಕನ್ನಡ ಆರಾಧನೆ. ತಿಂಗಳ ಮೊದಲ ಭಾನುವಾರ ಬಡ ವಿಧವೆಯರಿಗೆ 10 ಕೆ.ಜಿ. ಅಕ್ಕಿ, 2 ಕೆ.ಜಿ. ಬೇಳೆ, 1 ಲೀಟರ್ ಎಣ್ಣೆ ಕೊಡುವ ವಾಡಿಕೆ. ‘ನಮ್ಮೋರನ್ನ ಬಿಟ್ಟು ಕೊಡ್ತಾರೆ’ ಎಂಬ ಮಾತು ಕನ್ನಡದವರಲ್ಲಿ ಎದ್ದು ಐದು ತಿಂಗಳಾಗಿತ್ತು. ಖಜಾಂಚಿ ರಾಜೀನಾಮೆಗೆ ತಯಾರಾಗಿದ್ದರು. ಪಾಲಕರಿಗೆ ನಿದ್ದೆ ಹತ್ತುತ್ತಿರಲಿಲ್ಲ. ಗುಣುಗುಟ್ಟಬೇಡಿ ಎನ್ನುವ ಬೈಬಲ್ ವಚನ ಫಿಲಿಪ್ಪಿ 2:14 ಹಿಡಿದು ಮುಂದಿನ ವಾರ ಖಂಡಿಸಿ ಪ್ರಸಂಗ ಮಾಡಲು ಅವರು ಟಿಪ್ಪಣಿ ಬರೆದುಕೊಂಡೇ ಬಂದಿದ್ದರು.

ಆ ಪ್ರಸಂಗವನ್ನು ನಿಲ್ಲಿಸುವುದೇ ಮೊದಲ ಕೆಲಸವಾಯಿತು. ಬೈಬಲಿನ ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯವನ್ನು ನಿಧಾನವಾಗಿ ಓದಲು ಹೇಳಿದೆ. ಯೆರೂಸಲೇಮಿನ ಮೊದಲ ಕ್ರೈಸ್ತ ಸಭೆಯಲ್ಲೂ ದೂರು ಇದೇ: ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವವರ ವಿಧವೆಯರಿಗೆ ಸಿಗುತ್ತಿಲ್ಲ. ಸಭೆಯನ್ನು ನಡೆಸುತ್ತಿದ್ದ ಅಪೊಸ್ತಲರು, ಅಂದರೆ ಯೇಸುವಿನ ಆಪ್ತ ಶಿಷ್ಯರು, ಗುಣುಗುಟ್ಟಿದವರನ್ನು ಗದರಲಿಲ್ಲ. ಎಲ್ಲರನ್ನೂ ಕರೆಸಿ, ಒಳ್ಳೆಯ ಹೆಸರುಳ್ಳ ಏಳು ಮಂದಿಯನ್ನು ನೀವೇ ಆರಿಸಿಕೊಳ್ಳಿ ಎಂದರು. ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ಹೆಸರು ಗ್ರೀಕ್ ಆದ ಮಾತ್ರಕ್ಕೆ ಏಳೂ ಜನ ಆ ಗುಂಪಿನವರೇ ಎನ್ನಲಾಗದು, ಅಪೊಸ್ತಲರಲ್ಲೂ ಅಂದ್ರೆಯ ಎಂಬ ಗ್ರೀಕ್ ಹೆಸರಿದೆ. ಆದರೂ ದೂರಿದವರ ಕಡೆಯವರ ಕೈಗೇ ಹಂಚಿಕೆ ಹೋದಂತೆ ಕಾಣುತ್ತದೆ. ಅಧಿಕಾರದಲ್ಲಿರುವವರು ಇಷ್ಟು ಬಿಟ್ಟುಕೊಡುವುದು ಸುಲಭವಲ್ಲ. ಪಾಲಕರು ಇಲ್ಲಿ ಬಹಳ ಹೊತ್ತು ಸುಮ್ಮನಿದ್ದರು.

ಎರಡನೆಯ ಭೇಟಿಗೆ ವಿತರಣೆಯ ಪುಸ್ತಕ ತರಿಸಿದೆ. 23 ಹೆಸರು, ಅದರಲ್ಲಿ 19 ತಮಿಳು ಆರಾಧನೆಯವರದು. ಯಾರೂ ಬೇಕೆಂದು ಯಾರನ್ನೂ ಹೊಡೆದುಹಾಕಿರಲಿಲ್ಲ. ಹೊಸ ಹೆಸರು ಕೊಡಿ ಎಂಬ ಪ್ರಕಟಣೆ ತಮಿಳಿನಲ್ಲಿ ಮಾತ್ರ ಆಗುತ್ತಿತ್ತು, ಚೀಲ ಕೊಡುತ್ತಿದ್ದುದು 9.30ಕ್ಕೆ. ಹತ್ತು ಗಂಟೆಗೆ ಬಸ್ಸಿಳಿದು ಬರುವ ಕನ್ನಡದ ಅಜ್ಜಿಗೆ ಕಾಣುತ್ತಿದ್ದುದು ನೆಲದ ಮೇಲೆ ಚೆಲ್ಲಿದ ನಾಲ್ಕು ಅಕ್ಕಿಕಾಳು. ಮನಸ್ಸಿನಲ್ಲಿ ದ್ವೇಷವಿಲ್ಲದಿದ್ದರೂ ಅನ್ಯಾಯ ಹೀಗೆ ನಡೆಯುತ್ತದೆ. ‘ನಾವು ಭೇದ ಮಾಡಿಲ್ಲ’ ಎಂದು ಖಜಾಂಚಿ ಹೇಳಿದ್ದು ನಿಜ, ಅಜ್ಜಿಯರ ದೂರೂ ನಿಜ.

ಕೊಟ್ಟ ಸಲಹೆ ಇದು. ಎರಡೂ ಆರಾಧನೆಯವರನ್ನು ಒಂದೇ ದಿನ ಕೂಡಿಸಿ, ಪುಸ್ತಕವನ್ನು ಎಲ್ಲರೆದುರು ತೆರೆದು, ತಪ್ಪಾಗಿದೆ ಎಂದು ಪಾಲಕರೇ ಹೇಳಬೇಕು. ‘ಯಾರಿಗಾದರೂ ನೋವಾಗಿದ್ದರೆ’ ಎಂಬ ಮಾತು ಬೇಡ. ನೋವಾಗಿರುವುದು ಗೊತ್ತೇ ಇದೆ. ಹಂಚಿಕೆಗೆ ಐದು ಜನರನ್ನು ಸಭೆಯೇ ಆರಿಸಲಿ, ಮೂವರಾದರೂ ಕನ್ನಡದವರಿರಲಿ, ಇಬ್ಬರಾದರೂ ಹೆಂಗಸರಿರಲಿ. ಉಗ್ರಾಣದ ಬೀಗದಕೈ ಅವರ ಹತ್ತಿರವೇ ಇರಲಿ. ಪಾಲಕರು ಇನ್ನೊಂದು ಬೀಗದಕೈ ಇಟ್ಟುಕೊಂಡರೆ ಇಡೀ ಏರ್ಪಾಡು ಕೆಡುತ್ತದೆ.

ಲೆಕ್ಕ ಕೇಳಿದರೆ ಖಜಾಂಚಿಗೆ ಅವಮಾನ ಎಂಬ ಅಳುಕು ಪಾಲಕರಿಗಿತ್ತು. ಅದಕ್ಕೂ ಬೈಬಲಿನ ಉದಾಹರಣೆ ಕೊಟ್ಟೆ. ಯೆರೂಸಲೇಮಿನ ಬಡವರಿಗೆ ಕೂಡಿಸಿದ ಹಣವನ್ನು ಅಪೊಸ್ತಲ ಪೌಲನು ಒಬ್ಬನೇ ಒಯ್ಯಲಿಲ್ಲ. ಅವನ ಜೊತೆಗಾರ ತೀತನೊಂದಿಗೆ ಸಭೆಗಳೇ ನೇಮಿಸಿದ ಸಹೋದರನೂ ಇದ್ದ. ಯಾರೂ ತಪ್ಪು ಹೊರಿಸಬಾರದೆಂದೇ ಹೀಗೆ ಎಂದು 2 ಕೊರಿಂಥ 8ರಲ್ಲಿ ಅವನೇ ಕಾರಣ ಬರೆದಿದ್ದಾನೆ. ಪ್ರತಿ ತಿಂಗಳು ಇಬ್ಬರು ಸಹಿ ಹಾಕಿದ ಲೆಕ್ಕವನ್ನು ಎರಡೂ ಭಾಷೆಯಲ್ಲಿ ಹಲಗೆಗೆ ಅಂಟಿಸಿದರೆ ಮೊದಲು ಹಗುರಾಗುವುದು ಖಜಾಂಚಿಯ ಮನಸ್ಸೇ.

ಹಲಗೆಯಲ್ಲಿ ಮೊತ್ತ, ಎಷ್ಟು ಚೀಲ ಎಂಬುದಷ್ಟೇ ಇರಲಿ, ವಿಧವೆಯರ ಹೆಸರು ಬೇಡ. ಅರವತ್ತಕ್ಕಿಂತ ಕಡಿಮೆ ವಯಸ್ಸಿನ ವಿಧವೆಯನ್ನು ಪಟ್ಟಿಗೆ ಸೇರಿಸಬಾರದು ಎನ್ನುವ 1 ತಿಮೊಥೆಯ 5ರ ನಿಯಮವನ್ನು ಹಿಡಿದು 52ರ ಹೆಂಗಸನ್ನು ಹಿಂದಕ್ಕೆ ಕಳುಹಿಸಬೇಡಿ ಎಂದೂ ಹೇಳಿದೆ. ಅದು ಸಭೆಯ ಪಟ್ಟಿಗೆ ಸೇರಿಸುವ ಮಾತು, ಹಸಿದವಳಿಗೆ ಅನ್ನ ಕೊಡಬೇಡಿ ಎಂದಲ್ಲ.

ಮೂರು ತಿಂಗಳಾದ ಮೇಲೆ ಚೀಲಗಳನ್ನು ಎರಡು ಆರಾಧನೆಗಳ ನಡುವೆ, 10ಕ್ಕೆ ಕೊಡುತ್ತಿದ್ದಾರೆ. ಒಂಬತ್ತು ಹೊಸ ಹೆಸರು ಸೇರಿವೆ. ಖಜಾಂಚಿ ಉಳಿದಿದ್ದಾರೆ. ಸಭೆ ಬಿಟ್ಟುಹೋದ ಎರಡು ಮನೆಯವರನ್ನು ಪಾಲಕರು ಇನ್ನೂ ಕಂಡಿಲ್ಲ. ಹೋಗುವಾಗ ಹೊಸ ಪಟ್ಟಿಯನ್ನು ತೋರಿಸಲು ಒಯ್ಯಬೇಡಿ, ವಾಪಸ್ ಬನ್ನಿ ಎಂದೂ ಅನ್ನಬೇಡಿ, ಈ ಸಲ ಅವರ ಮಾತಷ್ಟೇ ಕೇಳಿಕೊಂಡು ಬನ್ನಿ ಎಂದು ತಿಳಿಸಿದೆ.