ಬ್ಯಾಕ್ಸ್ಟರ್ ಕ್ಲಿಪ್ ತೋರಿಸಿ ಹುಡುಗರನ್ನು ಜಗ್ಲಿಂಗ್‌ಗೆ ಹಚ್ಚಬೇಡಿ

ಸರ್, ನಿಮ್ಮ ಪೋಸ್ಟ್ ಓದಿದೆ. 1967ರಲ್ಲಿ ಲಂಡನ್ನಿನ ವೆಂಬ್ಲಿ ಸ್ಟೇಡಿಯಂನ ಮ್ಯಾಚ್‌ನಲ್ಲಿ ಸ್ಕಾಟ್ಲೆಂಡ್ ಮಿಡ್‌ಫೀಲ್ಡರ್ ಜಿಮ್ ಬ್ಯಾಕ್ಸ್ಟರ್ ಚೆಂಡನ್ನು ನೆಲಕ್ಕೆ ಬಿಡದೆ ಕುಣಿಸೋದನ್ನು ತೋರಿಸಿ, ಮಿಡ್‌ಫೀಲ್ಡ್ ಹುಡುಗರಿಗೆ ದಿನಾ ಅರ್ಧ ಗಂಟೆ ಜಗ್ಲಿಂಗ್ ಮಾಡಿಸ್ತಿದ್ದೀರಿ. ದಯವಿಟ್ಟು ನಿಲ್ಲಿಸಿ. ನಾನೂ ಒಂದು ಸೀಸನ್ ಪೂರ್ತಿ ಹೀಗೇ ಮಾಡಿಸಿದ್ದೆ. ಹುಡುಗರು ಜಗ್ಲಿಂಗ್‌ನಲ್ಲಿ ಪಳಗಿದರು, ಮ್ಯಾಚ್‌ನಲ್ಲಿ ಮಾತ್ರ ತಲೆ ಎತ್ತಿ ಸುತ್ತ ನೋಡಲಿಲ್ಲ.

ಆ ದಿನ ಸ್ಕಾಟ್ಲೆಂಡ್ 3-2ರಿಂದ ಗೆದ್ದಿದ್ದು ವಿಶ್ವ ಚಾಂಪಿಯನ್ ಇಂಗ್ಲೆಂಡನ್ನು. 1961ರಲ್ಲಿ ಇಂಗ್ಲೆಂಡ್ ಕೈಲಿ ಆದ 9-3 ಸೋಲಿನ ಸೇಡಿಗೆ ತಂಡದ ಸ್ಟ್ರೈಕರ್ ಡೆನಿಸ್ ಲಾ ಇನ್ನಷ್ಟು ಗೋಲು ಬೇಕು ಅಂತಿದ್ದ. ಬ್ಯಾಕ್ಸ್ಟರ್‌ಗೆ ಎದುರಾಳಿಯನ್ನು ಕಾಡಿಸೋದೇ ಖುಷಿ. ಆ ಕ್ಲಿಪ್ ಅಷ್ಟೇ, ಬರೀ ಚೇಷ್ಟೆ. ಆಟ ನೋಡಬೇಕಾದರೆ 1963ರದ್ದು ತೋರಿಸಿ. ಅದೇ ವೆಂಬ್ಲಿ, ಅದೇ ಇಂಗ್ಲೆಂಡ್. ಶುರುವಿನಲ್ಲೇ ಸ್ಕಾಟ್ಲೆಂಡ್ ಡಿಫೆಂಡರ್ ಎರಿಕ್ ಕಾಲ್ಡೋ ಕಾಲು ಮುರಿಯಿತು. ಆಗ ಸಬ್‌ಸ್ಟಿಟ್ಯೂಟ್ ಇರಲಿಲ್ಲ, ಹತ್ತೇ ಜನ. ಆದರೂ ಸ್ಕಾಟ್ಲೆಂಡ್ ಗೆದ್ದಿದ್ದು 2-1, ಎರಡೂ ಗೋಲು ಬ್ಯಾಕ್ಸ್ಟರ್‌ದೇ. ಸಿಕ್ಕಷ್ಟು ಫೂಟೇಜ್ ಹಾಕಿ, ಚೆಂಡು ಬಿಟ್ಟು ಆಟಗಾರನ ತಲೆ ಎತ್ತ ತಿರುಗುತ್ತೆ ಅಂತ ಹುಡುಗರಿಗೆ ನೋಡೋಕೆ ಹೇಳಿ.

ನನಗೆ ಕೆಲಸಕ್ಕೆ ಬಂದಿದ್ದು ಇದು. ಮೂವರು ಒಂದೇ ಸಾಲಿನಲ್ಲಿ, ನಡುವೆ ಹತ್ತತ್ತು ಮೀಟರ್. ಮುಂದಿನವನು ಪಾಸ್ ಕೊಡ್ತಾನೆ, ಹಿಂದಿನವನು ಬೆರಳು ಎತ್ತುತ್ತಾನೆ. ನಡುವಿನವನು ಚೆಂಡು ತಲುಪೋ ಮೊದಲು ತಿರುಗಿ ನೋಡಿ ಎಷ್ಟು ಬೆರಳು ಅಂತ ಕೂಗಬೇಕು. ಆಮೇಲೆ ಹಾಫ್ ಟರ್ನ್ (ಮೈ ಅರ್ಧ ತಿರುಗಿಸಿ ಪಕ್ಕಕ್ಕೆ ನಿಲ್ಲೋದು), ಚೆಂಡು ಬರೋ ಕಡೆಯಿಂದ ದೂರದ ಕಾಲಿನಲ್ಲಿ ಫಸ್ಟ್ ಟಚ್, ಅಂದರೆ ಚೆಂಡನ್ನು ಮೊದಲ ಸಲ ಮುಟ್ಟಿ ಹಿಡಿತಕ್ಕೆ ತಗೊಳ್ಳೋದು, ಹಿಂದಿನವನಿಗೆ ಪಾಸ್. ಬೆರಳು ಎತ್ತೋದು ಪಾಸ್ ಹೊರಟ ಮೇಲೆ. ಮೊದಲೇ ಎತ್ತಿದರೆ ಹುಡುಗ ಆರಾಮಾಗಿ ನೋಡಿಟ್ಟುಕೊಂಡು ನಿಲ್ತಾನೆ, ಡ್ರಿಲ್ ದಂಡ. ಪಾಸೂ ಗಟ್ಟಿಯಾಗಿರಬೇಕು. ನೆಲ ಉಬ್ಬುತಗ್ಗಾಗಿದ್ದರೆ ಚೆಂಡು ಪುಟಿಯುತ್ತೆ, ಕಣ್ಣು ಚೆಂಡಿನ ಮೇಲೇ ಇರುತ್ತೆ, ಆಗ ದೂರ ಕಡಿಮೆ ಮಾಡಿ. ತೀರಾ ಚಿಕ್ಕ ಮಕ್ಕಳಿಗೆ ಬೇಡ. ದೊಡ್ಡವರಿಗೂ ಹತ್ತು ನಿಮಿಷ ಸಾಕು, ಜಾಸ್ತಿ ಆದರೆ ಸುಮ್ನೆ ಬಾಯಿಗೆ ಬಂದ ನಂಬರ್ ಕೂಗ್ತಾರೆ.

ನಿಮ್ಮ ಪೋಸ್ಟ್ ಕೆಳಗೆ ಒಬ್ಬರು "ಬ್ಯಾಕ್ಸ್ಟರ್ ಬರೀ ಎಡಗಾಲಲ್ಲೇ ಆಡಿದ, ಬಲಗಾಲು ಯಾಕೆ ಕಲಿಸಬೇಕು" ಅಂದಿದ್ದಾರೆ. ಇದೆಂಥ ಮಾತು ಸ್ವಾಮಿ! ಅಂಥ ಎಡಗಾಲು ನಿಮ್ಮ ಬ್ಯಾಚ್‌ನಲ್ಲಿ ಯಾರಿಗಿದೆ ಹೇಳಿ. ಬ್ಯಾಕ್ಸ್ಟರ್ ಟ್ಯಾಕಲ್‌ಗೂ (ಎದುರಾಳಿಯಿಂದ ಚೆಂಡು ಕಸಿಯೋಕೆ) ಹೆಚ್ಚು ಇಳೀತಿರಲಿಲ್ಲ, ಈಗ ಹಾಗೆ ಆಡಿದರೆ ಯಾವ ಕೋಚೂ ಇಟ್ಟುಕೊಳ್ಳಲ್ಲ.

ಇನ್ನೊಬ್ಬರು ವಿಯೆನ್ನಾದಲ್ಲಿ ಕಾಲು ಮುರಿದಿದ್ದೇ ಬ್ಯಾಕ್ಸ್ಟರ್ ಕರಿಯರ್ ಮುಗಿಸಿತು ಅಂತಾರೆ. 1964ರ ಡಿಸೆಂಬರ್‌ನಲ್ಲಿ ಆಸ್ಟ್ರಿಯಾದ ರಾಪಿಡ್ ವಿಯೆನ್ನಾ ಕ್ಲಬ್ ಮೇಲೆ ಅವನ ಸ್ಕಾಟಿಷ್ ಕ್ಲಬ್ ರೇಂಜರ್ಸ್ ಗೆದ್ದ ಮ್ಯಾಚ್‌ನಲ್ಲಿ ಮುರಿದಿದ್ದು ನಿಜ. ಆದರೆ ವೆಂಬ್ಲಿ 67 ಅದರ ನಂತರದ್ದೇ ಅಲ್ವಾ? ಹಾಳು ಮಾಡಿದ್ದು ಕುಡಿತ, ಟ್ರೇನಿಂಗ್ ತಪ್ಪಿಸೋದು. ಸ್ಕಾಟ್ಲೆಂಡ್‌ನ ಫೈಫ್‌ನ ಗಣಿ ಊರಿನ ಹುಡುಗ, ರೇತ್ ರೋವರ್ಸ್ ಕ್ಲಬ್‌ನಿಂದ 1960ರಲ್ಲಿ 17,500 ಪೌಂಡ್‌ಗೆ ರೇಂಜರ್ಸ್‌ಗೆ ಬಂದವನು. ಇಂಗ್ಲೆಂಡ್ ಕ್ಲಬ್ ಸಂಡರ್‌ಲ್ಯಾಂಡ್ ಆದಮೇಲೆ 1967ರಲ್ಲಿ ಅಲ್ಲಿನದೇ ನಾಟಿಂಗ್‌ಹ್ಯಾಮ್ ಫಾರೆಸ್ಟ್ 1 ಲಕ್ಷ ಪೌಂಡ್ ಸುರಿದು ಕೊಂಡಿತು. 1969ರಲ್ಲಿ ಬಿಡಿಗಾಸೂ ಇಲ್ಲದೆ ಬಿಟ್ಟುಕೊಟ್ಟಿತು. ಮತ್ತೆ ರೇಂಜರ್ಸ್, 31ನೇ ವಯಸ್ಸಿಗೆ ಆಟ ಬಂದ್. ದೇಶಕ್ಕೆ ಆಡಿದ್ದು 34 ಮ್ಯಾಚ್. ನಿಮ್ಮ ಬ್ಯಾಚ್‌ನಲ್ಲಿ ಚೆನ್ನಾಗಿ ಆಡೋ ಹುಡುಗನೇ ವಾರ್ಮಪ್‌ಗೆ ತಡವಾಗಿ ಬರ್ತಿದ್ದರೆ, ಅವನನ್ನೇ ಮೊದಲು ಬೆಂಚ್‌ನಲ್ಲಿ ಕೂರಿಸಿ. ಅಪ್ಪ ಅಮ್ಮ ಫೋನ್ ಮಾಡಿದರೂ ಕರಗಬೇಡಿ.

ಚೆಂಡಿನ ಬಗ್ಗೆ ಕೇಳಿದ್ದಿರಿ. ಗಟ್ಟಿ ಮಣ್ಣಿಗೆ ನಿವಿಯಾ ಸ್ಟಾರ್ಮ್ ಸಾಕು, ದುಬಾರಿ ಮ್ಯಾಚ್ ಬಾಲ್ ಆ ನೆಲದಲ್ಲಿ ಬೇಗ ಸಿಪ್ಪೆ ಏಳುತ್ತೆ. 12ರ ಒಳಗಿನವರಿಗೆ ಸೈಜ್ 4 ಕೊಡಿ, 5 ಬೇಡ. ಗಾಳಿ ಕಲ್ಲಿನಂತೆ ತುಂಬಿಸಬೇಡಿ, ಫಸ್ಟ್ ಟಚ್ ಕಲಿಯೋಕೇ ಆಗಲ್ಲ.