ಶಿಕಾಗೋದ ಗಿಫ್ಟ್ ಪಟ್ಟಿ, ಹಾಸನದ ಮುಯ್ಯಿ ಪುಸ್ತಕ

ಅಕ್ಕಾ ಅಂತ ಕರೆದಿದ್ದೀಯ, ಅದಕ್ಕೆ ನೀನು ಅಂತಲೇ ಬರೆಯುತ್ತೇನೆ. ಆಫೀಸಿನ ಹುಡುಗಿ ಮದುವೆಗೆ ಕರೆದು, ತನಗೆ ಏನೇನು ಬೇಕು ಅನ್ನುವ ಪಟ್ಟಿಯ ಲಿಂಕನ್ನೂ ಕಳಿಸಿದ್ದಾಳೆ, ಇದು ನಾಚಿಕೆಗೇಡಲ್ವಾ ಅಂತ ಕೇಳಿದ್ದೀಯ. ಅದೇ ಉಸಿರಲ್ಲಿ, ಹಾಸನದಲ್ಲಿ ನಡೆಯುವ ನಿನ್ನ ಮದುವೆಗೂ ಅಂಥದ್ದೇ ಲಿಂಕನ್ನು ಲಗ್ನಪತ್ರಿಕೆ ಜೊತೆ ಕಳಿಸಲಾ ಅಂತಲೂ ಕೇಳಿದ್ದೀಯ! ಓದಿ ನಗು ಬಂತು.

ಅವಳದ್ದೇನೂ ನಾಚಿಕೆಗೇಡಲ್ಲ. ಈ ಪದ್ಧತಿಗೆ ನೀನೀಗ ಬಂದಿಳಿದಿರುವ ಶಿಕಾಗೋದಲ್ಲೇ ಹಳೇ ಬೇರಿದೆ. ಇಲ್ಲಿನ ಮಾರ್ಷಲ್ ಫೀಲ್ಡ್ಸ್ ಅಂಗಡಿ 1924ರಲ್ಲೇ ಇದನ್ನು ಶುರು ಮಾಡಿತ್ತು. ಮದುಮಗಳು ತನಗೆ ಬೇಕಾದ ಸಾಮಾನು ಆರಿಸಿ ಬರೆಸಿಟ್ಟರೆ, ಕೊಡಬೇಕು ಅಂತ ಬಂದವರು ಪಟ್ಟಿ ನೋಡಿ ಕೊಳ್ಳುತ್ತಿದ್ದರು. ಒಂದೇ ಸಾಮಾನನ್ನು ನಾಲ್ಕು ಜನ ತರುವುದು ತಪ್ಪುತ್ತಿತ್ತು. ಈಗ ಅದು ಫೋನಿಗೆ ಬಂದಿದೆ, ಅಷ್ಟೇ.

ಆದರೆ ಇದಕ್ಕೂ ರೀತಿ ರಿವಾಜು ಇದೆ. ಮದುವೆ ಕಾರ್ಡಿನಲ್ಲಿ ಉಡುಗೊರೆಯ ಮಾತೇ ಬರಬಾರದು ಅನ್ನುತ್ತಾರೆ ಇಲ್ಲಿನ ಹಳಬರು. ಕೇಳಿದವರಿಗೆ ಹೇಳಬಹುದು, ಮದುವೆಯ ವೆಬ್‌ಸೈಟಿನ ಮೂಲೆಯಲ್ಲಿ ಹಾಕಬಹುದು. ನಮ್ಮ ಸೀಮಂತದ ಹಾಗಿರುವ ಬೇಬಿ ಶವರಿಗೆ ಮಾತ್ರ ಕಾರ್ಡಿನಲ್ಲೇ ಹಾಕಿದರೂ ಯಾರೂ ತಪ್ಪು ತಿಳಿಯುವುದಿಲ್ಲ, ಅದು ನಡೆಯುವುದೇ ಉಡುಗೊರೆಗಾಗಿ. ಆಫೀಸಿನ ಹುಡುಗಿಯ ಪಟ್ಟಿಯನ್ನು ನೀನು ಬೇಗ ನೋಡು, ಕಡಿಮೆ ಬೆಲೆಯವು ಮೊದಲು ಖಾಲಿಯಾಗುತ್ತವೆ. ಲಿಂಕಿನಿಂದಲೇ ಅವಳ ಮನೆಗೆ ಹೋಗುತ್ತದೆ, ಮದುವೆಗೆ ಹೊತ್ತುಕೊಂಡು ಹೋಗಬೇಡ. ಆಮೇಲೆ ನಿನಗೊಂದು ಕೈಬರಹದ ಥ್ಯಾಂಕ್ಯೂ ಕಾರ್ಡ್ ಬರುತ್ತದೆ. ಇಲ್ಲಿಯವರು ನಿನಗೇನಾದರೂ ಕೊಟ್ಟಾಗ ನೀನೂ ಬರೆಯಬೇಕು. ವಾಟ್ಸಾಪಿನಲ್ಲಿ ಕೈಮುಗಿಯುವ ಚಿತ್ರ ಸಾಲದು.

ಇನ್ನು ಹಾಸನದ ಮಾತು. ನಮ್ಮಲ್ಲಿ ಪಟ್ಟಿ ಇಲ್ವಾ? ಇದೆ, ಕೊಟ್ಟಮೇಲೆ ಬರೆಯುತ್ತಾರೆ. ಚೌಟ್ರಿಯಲ್ಲಿ ಊಟದ ಹಾಲಿನ ಬಾಗಿಲ ಹತ್ತಿರ ಟೇಬಲ್ ಹಾಕಿಕೊಂಡು ಚಿಕ್ಕಪ್ಪ ಕೂತಿರುತ್ತಾರೆ, ತೊಡೆ ಮೇಲೆ ಬ್ಯಾಗು. ಹೆಸರು, ಊರು, ಮೊತ್ತ. ‘ದುದ್ದದ ಮೇಷ್ಟ್ರು, 201. ಗೊರೂರು ಅತ್ತೆ ಮನೆಯವರು, 1001.’ ಆ ನೋಟ್‌ಬುಕ್ಕು ಬೀರುವಿನಲ್ಲಿ ಸೀರೆಗಳ ಅಡಿ ಸೇರುತ್ತದೆ. ಮುಂದೆ ಮೇಷ್ಟ್ರ ಮಗಳ ಮದುವೆ ಬಂದಾಗ ನಿಮ್ಮಮ್ಮ ಅದನ್ನು ತೆಗೆದು ನೋಡಿಯೇ ಕವರಿಗೆ ದುಡ್ಡು ಹಾಕುವುದು. ಅವರು ಕೊಟ್ಟಿದ್ದಕ್ಕಿಂತ ಒಂಚೂರು ಜಾಸ್ತಿ.

ಮುಯ್ಯಿಯನ್ನು ನಾನೇನೂ ಹೊಗಳುತ್ತಿಲ್ಲ. ಆಲೂಗಡ್ಡೆ ಕೈಕೊಟ್ಟ ವರ್ಷ ಸಾಲ ಮಾಡಿ ಮುಯ್ಯಿ ತೀರಿಸಿದವರನ್ನು ನೋಡಿದ್ದೇನೆ. ಆದರೂ ಎಷ್ಟು ಅನ್ನುವುದು ಕೊಡುವವರ ಕೈಯಲ್ಲೇ ಇರುತ್ತದೆ. ಕವರಿನೊಳಗೆ ಏನಿದೆ ಅಂತ ಬರೆದುಕೊಳ್ಳುವ ಚಿಕ್ಕಪ್ಪನಿಗೆ ಬಿಟ್ಟರೆ ಪಕ್ಕದವರಿಗೂ ಗೊತ್ತಾಗುವುದಿಲ್ಲ. 201 ಕೊಡೋಣ ಅಂದುಕೊಂಡಿದ್ದ ಮೇಷ್ಟ್ರ ಫೋನಿಗೆ ನಿನ್ನ ಏರ್ ಫ್ರೈಯರ್ ಲಿಂಕು ಬಂದರೆ? ಬೆಲೆ ನೋಡಿ ಅವರಿಗೆ ಮದುವೆಗೆ ಬರುವುದಕ್ಕೇ ಮುಜುಗರ. ಅಮೆರಿಕದಲ್ಲಿರೋ ಹುಡುಗ, ಇವನಿಗೇನು ಕಡಿಮೆ ಅಂತ ಊರವರು ಆಡಿಕೊಳ್ಳುವುದು ಬೇರೆ.

ಹೆಣ್ಣಿನ ಕಡೆಯವರಿಗಂತೂ ಆ ಲಿಂಕ್ ಹೋಗಲೇಬಾರದು. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ಕೇಳದೆ ಕೊಟ್ಟ ಉಡುಗೊರೆಗೆ ಅಡ್ಡಿ ಇಲ್ಲ. ಅದಕ್ಕೂ ಪಟ್ಟಿ ಬರೆದಿಟ್ಟು ಗಂಡು ಹೆಣ್ಣು ಇಬ್ಬರೂ ಸಹಿ ಹಾಕಬೇಕು ಅಂತ 1985ರ ನಿಯಮ ಹೇಳುತ್ತದೆ. ಕೇಳಿ ಪಡೆದರೆ ಕಥೆಯೇ ಬೇರೆ. ಗಂಡಿನ ಕಡೆಯಿಂದ ಮೊದಲೇ ಹೋದ ಪಟ್ಟಿಯನ್ನು ‘ಸುಮ್ನೆ ಕಳಿಸಿದ್ದು’ ಅಂದರೆ ಯಾರು ನಂಬುತ್ತಾರೆ?

ಬೆಂಗಳೂರಿನ ಫ್ರೆಂಡ್ಸ್ ‘ಏನ್ ಬೇಕೋ’ ಅಂತ ತಾವಾಗೇ ಕೇಳಿದರೆ ಧಾರಾಳವಾಗಿ ಹೇಳು. ಇಷ್ಟೆಲ್ಲಾ ತಾಪತ್ರಯ ಯಾಕೆ, ‘ಉಡುಗೊರೆ ಬೇಡ, ಆಶೀರ್ವಾದ ಸಾಕು’ ಅಂತ ಪತ್ರಿಕೆಯಲ್ಲಿ ಹಾಕಿಸಿಬಿಡುತ್ತೇನೆ ಅನ್ನುವುದಾದರೆ ಮೊದಲು ನಿಮ್ಮಮ್ಮನನ್ನು ಕೇಳು. ಇಷ್ಟು ವರ್ಷ ಊರಿಗೆಲ್ಲಾ ಮುಯ್ಯಿ ಕೊಟ್ಟಿರುವುದು ಅವರು, ನೀನಲ್ಲ.